ಲಿಂಗಪ್ಪ ಬರುವ ದಿನ

ಗಾಡಿ ಹೊರಡಲು ಇನ್ನೂ ಏಳೆಂಟು ನಿಮಿಷವಿದೆ ಅನ್ನುವಾಗ, ನೋಟುಬುಕ್ಕಿನಲ್ಲಿ ಕೊನೆಗೆ ಬರೆದ ಆರು ಹಾಳೆ ಹರಿದು ಪ್ಲಾಟ್‌ಫಾರ್ಮಿನ ಕಸದ ಡಬ್ಬಕ್ಕೆ ಹಾಕಿಬಿಟ್ಟರೆ ಹೇಗೆ ಎಂದು ಜಯಶೀಲಾಳಿಗೆ ಅನ್ನಿಸಿತು. ಹರಿಯುವುದಕ್ಕೂ ಒಂದು ಮರೆ ಬೇಕಲ್ಲ, ಇಷ್ಟು ಜನರೆದುರು ಹರಿದರೆ ಯಾರದೋ ಪ್ರೇಮಪತ್ರ ಹರಿದಂತೆ ಕಾಣುತ್ತದೆ, ಮೂವತ್ತೊಂಬತ್ತರ ಹೆಂಗಸಿಗೆ ಅದೊಂದು ಬಾಕಿ ಇತ್ತು ಎಂದುಕೊಂಡು ಬ್ಯಾಗಿನ ಜಿಪ್ಪನ್ನು ಮತ್ತೆ ಎಳೆದಳು. ಒಳಗೆ ಊಟದ ಡಬ್ಬಿ ಕೆಳಗೆ, ನೋಟುಬುಕ್ಕು ಮೇಲೆ. ಗೊಜ್ಜು ಸೋರಿದರೂ ಮೇಲಿನದಕ್ಕೆ ತಾಗಬಾರದು ಅಂತ ಬೆಳಿಗ್ಗೆ ಎರಡು ಸಲ ತೆಗೆದು ಇಟ್ಟಿದ್ದಳು. ಹಾಗೆ ತೆಗೆದಿಡುತ್ತಿದ್ದಾಗಲೇ ಮಗಳು ಅಕ್ಷರಾ, ಒಂದು ಕಡೆ ಜಡೆ ಹಾಕಿಸಿಕೊಂಡು ಇನ್ನೊಂದು ಕಡೆಯ ಕೂದಲನ್ನು ಮುಖದ ಮೇಲೆ ಇಳಿಬಿಟ್ಟುಕೊಂಡು ರಿಬ್ಬನ್ ಹಿಡಿದು ನಿಂತವಳು, ನೋಟುಬುಕ್ಕಿನ ಕಡೆ ನೋಡಿ, "ನಿನ್ನ ಶೇಷಮ್ಮಂಗೆ ಹೇಳು, ಬಂದು ಜಡೆ ಹಾಕ್ಲಿ" ಎಂದದ್ದು. ಹನ್ನೊಂದು ವರ್ಷದ ಹುಡುಗಿ. ಆ ವಯಸ್ಸಿಗೆ ಇಷ್ಟು ಚೂಪು ನಾಲಿಗೆ ಎಲ್ಲಿಂದ ಬಂತು ಅಂತ ಕೇಳುವ ಹಾಗೂ ಇಲ್ಲ. ಗಾಂಧಿ ಬಜಾರಿನ ಜವಳಿ ಅಂಗಡಿಗೆ ಹೊರಟಿದ್ದ ಗಂಡ ಪ್ರಸನ್ನಕುಮಾರ ತೋಳಿನ ಗುಂಡಿ ಹಾಕಿಕೊಳ್ಳುತ್ತಾ ನಕ್ಕ. ಕೆಟ್ಟ ನಗುವೇನಲ್ಲ. ಇಪ್ಪತ್ತು ಸೀರೆ ಬಿಡಿಸಿ ತೋರಿಸಿದ ಮೇಲೆ ಒಂದೂ ಕೊಳ್ಳದೆ ಎದ್ದು ಹೋಗುವ ಗಿರಾಕಿಗೆ ಅವನು ಅದೇ ನಗು ನಗುತ್ತಾನೆ. ಹೋದ ವಾರ ಇವಳು ಮಂಕಾಗಿ ಕೂತಿದ್ದನ್ನು ನೋಡಿ ಹೇಳಿದ್ದ, "ಜನ ಕೇಳಿದ ಬಣ್ಣ ತೋರಿಸ್ಬೇಕು ಜಯಾ. ನಮಗಿಷ್ಟದ ಬಣ್ಣ ಬಿಡಿಸ್ತಾ ಕೂತ್ರೆ ಸಂಜೆ ಮಡಚೋ ಕೆಲಸ ನಮ್ದೇ."

ಮಡಚಿದ್ದೇ ಆಗಿತ್ತು, ಎಂಟು ದಿನದಿಂದ. ಎಂಟು ದಿನದಿಂದ ರೈಲಿನ ಆ ಡಬ್ಬಿಯಲ್ಲಿ ಯಾರೂ ನೋಟುಬುಕ್ಕು ಕೇಳಿರಲಿಲ್ಲ.

ಶಿವಮೊಗ್ಗದಿಂದ ಹೊರಡುವ ಬೆಳಗಿನ ಪ್ಯಾಸೆಂಜರಿನಲ್ಲಿ ಕೊನೆಯ ಬೋಗಿಯ ಅರ್ಧ ಭಾಗ ಹೆಂಗಸರಿಗೆ ಮೀಸಲು. ಸೀಸನ್ ಪಾಸಿನವರು ಹದಿನೈದು ಹದಿನಾರು ಜನ, ಎಲ್ಲರೂ ಭದ್ರಾವತಿಗೆ ಹೋಗುವವರು, ಜಾಗವೂ ಹೆಚ್ಚುಕಮ್ಮಿ ಗೊತ್ತುಮಾಡಿದ್ದೇ. ಜಯಶೀಲಾ ಭದ್ರಾವತಿಯಲ್ಲಿ ಡಾಕ್ಟರ್ ಶ್ರೀನಿವಾಸಮೂರ್ತಿಗಳ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಪರೀಕ್ಷೆ ಮಾಡುವವಳು, ರಿಪೋರ್ಟು ಟೈಪು ಮಾಡುವವಳು. ಕೆಲವು ಪರೀಕ್ಷೆಗೆ ರಕ್ತ ಸಣ್ಣ ಕೊಳವೆಯಲ್ಲಿ ಒಂದು ಗಂಟೆ ಅಲ್ಲಾಡದೆ ನಿಂತಿರಬೇಕು. ಅದು ತಾನಾಗಿ ಇಳಿಯುವ ಆ ಒಂದು ಗಂಟೆ ಇವಳೂ ಅಲ್ಲಾಡುವ ಹಾಗಿಲ್ಲ, ಆದ್ದರಿಂದ ಬರೆಯುತ್ತಿದ್ದಳು. ಯಾರಿಗಾಗಿಯೂ ಅಲ್ಲ. ಅಚ್ಚಿಗೆ ಕಳಿಸುವ ಯೋಚನೆ ಇರಲಿಲ್ಲ, ಬಹುಮಾನದ ಆಸೆಯಂತೂ ಕನಸಿನಲ್ಲೂ ಇಲ್ಲ. ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದಿಲ್ಲವೆ, ಹಾಗೆ. ಹೋದ ಮಳೆಗಾಲದಲ್ಲಿ ಒಂದು ದಿನ ಬಿದರೆ ಸ್ಟೇಷನ್ನಿನಲ್ಲಿ ಸಿಗ್ನಲ್ ಬೀಳದೆ ಗಾಡಿ ಮುಕ್ಕಾಲು ಗಂಟೆ ನಿಂತಾಗ, ಎದುರು ಕೂತಿದ್ದ ಬಸವರಾಜೇಶ್ವರಿ ಮೇಡಂ ಇವಳ ತೊಡೆಯ ಮೇಲಿದ್ದ ನೋಟುಬುಕ್ಕನ್ನು ಕೇಳದೆಯೇ ಎಳೆದುಕೊಂಡು, "ಏನ್ರೀ ಇದು, ಅಡುಗೆ ಲಿಸ್ಟಾ?" ಎಂದು ಜೋರಾಗಿ ಓದಲು ಶುರು ಮಾಡಿದರು. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದ ಗಂಟಲು. ತನ್ನ ಒಳಲಂಗ ಯಾರೋ ಬೀದಿಯಲ್ಲಿ ಒಣಹಾಕಿದಂತಾಗಿ ಜಯಶೀಲಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಕಿಟಕಿಯಾಚೆ ಒಂದು ನಾಯಿ ಹಳಿಗಳ ನಡುವೆ ನಿಂತು ಮೈ ಕೊಡವುತ್ತಿತ್ತು, ಅದನ್ನೇ ನೋಡಿದ್ದು, ಅದರ ಮೈಯಿಂದ ಹಾರಿದ ಹನಿ ಈಗಲೂ ಕಣ್ಣಿಗೆ ಕಟ್ಟಿದೆ. ಓದು ಮುಗಿದಾಗ ವೀಳ್ಯದೆಲೆ ಮಾರುವ ಸುಭದ್ರಮ್ಮ ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿಮಾಡುತ್ತಾ, "ಆಮೇಲೆ?" ಎಂದಳು. ಆ ಒಂದು ಮಾತು. ಹೆತ್ತಮ್ಮ, ಕಟ್ಟಿಕೊಂಡ ಗಂಡ, ಹುಟ್ಟಿದ ಮಗಳು, ಯಾರೂ ಜಯಶೀಲಾಳನ್ನು ಆವರೆಗೆ 'ಆಮೇಲೆ?' ಎಂದು ಕೇಳಿರಲಿಲ್ಲ.

ಕಥೆ ದೊಡ್ಡದೇನಲ್ಲ. ಶೇಷಮ್ಮ ಒಂದು ಹುಡುಗರ ಹಾಸ್ಟೆಲಿನ ಅಡುಗೆಯವಳು. ಅವಳ ಗಂಡ ಲಿಂಗಪ್ಪ, ತಮ್ಮನ ಮದುವೆಗೆ ಬಾಡಿಗೆ ಪಾತ್ರೆ ತರುತ್ತೇನೆಂದು ಹೋದವನು, ಹತ್ತೊಂಬತ್ತು ವರ್ಷವಾದರೂ ಬಂದಿಲ್ಲ. ಶುರುವಿನಲ್ಲಿ ಜಯಶೀಲಾಳಿಗೆ ಲಿಂಗಪ್ಪ ಬೇಕಾಗಿರಲೇ ಇಲ್ಲ. ಅವನು ಒಂದೇ ಒಂದು ಸಾಲಿನಲ್ಲಿ ಬಂದು ಹೋಗಿದ್ದ. ಅವಳಿಗೆ ಬೇಕಾಗಿದ್ದದ್ದು ಶೇಷಮ್ಮ ಎಂಬತ್ತು ಜನರ ಅಕ್ಕಿಯನ್ನು ತೊಳೆಯುವಾಗ ಮೊಣಕೈವರೆಗೆ ಬಿಳಿಯಾಗುವುದು, ಆ ಬಿಳಿ ಒಣಗಿ ಬಿರಿಯುವುದು, ಇಂಥವು. ಆದರೆ ಡಬ್ಬಿ ಆ ಒಂದು ಸಾಲನ್ನೇ ಹಿಡಿಯಿತು. ನೋಟುಬುಕ್ಕಿನ ಕಡೆಯ ಪುಟ ಕೇಳುಗರದು ಅಂತ ತಾನಾಗಿಯೇ ಒಂದು ರೂಢಿ ಬೆಳೆದಿತ್ತು. ಓದಿದ ಮೇಲೆ ಯಾರಿಗೆ ಏನನ್ನಿಸಿತೋ ಅಲ್ಲಿ ಪೆನ್ಸಿಲಿನಲ್ಲಿ ಬರೆಯುವುದು. 'ಲಿಂಗಪ್ಪ ಬರಬೇಕು. ಬಂದು ಕಾಲು ಹಿಡಿಯಬೇಕು. ಶೇಷಮ್ಮ ಕ್ಷಮಿಸಬೇಕು. ಬಸವರಾಜೇಶ್ವರಿ.' ಅದರ ಕೆಳಗೆ, ಸುಭದ್ರಮ್ಮ ಹೇಳಿ ಯಾರ ಕೈಲೋ ಬರೆಸಿದ್ದು: 'ಬಂದ್ರೆ ಪೊರಕೆ. ಅಡುಗೆಮನೇದಲ್ಲ, ಬಚ್ಚಲದ್ದು.' ಅದರ ಕೆಳಗೆ ಇನ್ನಾರೋ: 'ಬರುವಾಗ ಇನ್ನೊಬ್ಬಳನ್ನು ಕರೆತರಲಿ, ಮಜಾ ಇರುತ್ತೆ.' ಮೊದಮೊದಲು ಆ ಪುಟ ನೋಡಿದರೆ ಅವಳಿಗೆ ಒಳಗೇ ಹಿಗ್ಗು. ಬರಬರುತ್ತಾ ಮನೆಗೆ ಬರುವ ಕಿರಾಣಿ ಚೀಟಿಯಂತೆ ಕಾಣತೊಡಗಿತು. ಹಾಗೆ ಬರೆದಳು, ಮೂರು ತಿಂಗಳು, ಚೀಟಿ ನೋಡಿಕೊಂಡು. ಲಿಂಗಪ್ಪನನ್ನು ಊರಾಚೆ ನೋಡಿದವರು ಬಂದರು, ಲಿಂಗಪ್ಪನ ಕಾಗದ ಬಂತು, ಕಾಗದ ಮಳೆಯಲ್ಲಿ ನೆನೆದು ಅರ್ಧ ಓದಲಾಗದೆ ಹೋಯಿತು. ಡಬ್ಬಿ ಅಯ್ಯೋ ಎಂದಿತು. ಒಂದು ದಿನವಂತೂ ಬಸವರಾಜೇಶ್ವರಿ ಓದುತ್ತಾ, 'ಶೇಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಆಕಾಶ ನೋಡಿದಳು' ಎಂದರು. ಎಲ್ಲರೂ ಲೊಚಗುಟ್ಟಿದರು. ಆ ಸಾಲು ನೋಟುಬುಕ್ಕಿನಲ್ಲಿ ಇರಲಿಲ್ಲ. ಮೇಡಂ ಕೈಯಿಂದ ಸೇರಿಸಿದ್ದು, ಮಕ್ಕಳ ಪ್ರಬಂಧಕ್ಕೆ ಕೆಂಪು ಇಂಕಿನಲ್ಲಿ ಸೇರಿಸುವ ಹಾಗೆ. ಆ ದಿನದ ಕಂತಿನಲ್ಲಿ ಜನಕ್ಕೆ ಬಹಳ ಹಿಡಿಸಿದ ಸಾಲು ಅದೇ ಎಂಬುದು ಲ್ಯಾಬಿನಲ್ಲಿ ಸ್ಲೈಡಿನ ಮೇಲೆ ಬಗ್ಗಿದ್ದಾಗ ಅವಳಿಗೆ ನೆನಪಾಗಿ, ಸೂಕ್ಷ್ಮದರ್ಶಕದೊಳಗಿನ ಕಣಗಳ ಎಣಿಕೆ ತಪ್ಪಿ, ಮೂರು ಸಲ ಮೊದಲಿಂದ ಎಣಿಸಬೇಕಾಯಿತು.

ಪೂಜಿತಾ ಸಿಕ್ಕಿದ್ದು ಆ ಸಮಯದಲ್ಲಿ. ಭದ್ರಾವತಿಯಲ್ಲಿ ಇಳಿದು ಬಸ್ಸು ಹಿಡಿದು ಶಂಕರಘಟ್ಟದ ಕ್ಯಾಂಪಸ್ಸಿಗೆ ಹೋಗುವ ಎಂ.ಎ. ಹುಡುಗಿ, ತಲೆಗೂದಲು ಕತ್ತರಿಸಿಕೊಂಡವಳು, ಹೆಗಲಿಗೆ ಖಾದಿ ಚೀಲ. ಒಂದು ವಾರ ಸುಮ್ಮನೆ ಕೇಳಿ, ಇಳಿಯುವಾಗ ಇವಳ ಕಿವಿಯ ಹತ್ತಿರ ಬಂದು ಹೇಳಿದಳು, "ಆಂಟಿ, ನೀವು ಇವ್ರಿಗೆಲ್ಲ ಯಾಕೆ ಹೆದರ್ತೀರ? ಅಕ್ಕಿ ತೊಳೆಯೋ ಆ ಮೊದಲ್ನೇ ಅಧ್ಯಾಯ ಇದ್ಯಲ್ಲ, ಅದು ನೀವು. ಉಳಿದದ್ದೆಲ್ಲ ಅವ್ರು. ಓದುಗರ ತಲೆಮೇಲೆ ನೀರು ಸುರೀಬೇಕು ಆಂಟಿ, ಬೆಚ್ಚಿಬೀಳ್ಬೇಕು." ಜಯಶೀಲಾಳ ಕಿವಿ ಬಿಸಿಯಾಯಿತು. ಯಾರೋ ತನ್ನನ್ನು ಗುರುತು ಹಿಡಿದರು ಎಂಬ ಬಿಸಿ. ಆ ಬಿಸಿಯಲ್ಲೇ ಮುಂದಿನ ಕಂತು ಬರೆದಳು. ಶೇಷಮ್ಮ ಇಲ್ಲ, ಹಾಸ್ಟೆಲಿಲ್ಲ. ಕೊಳವೆಯಲ್ಲಿ ರಕ್ತ ಇಳಿಯುತ್ತದೆ, ಒಂದು ಗೋಡೆ ಮಾತಾಡುತ್ತದೆ, ವಾಕ್ಯಗಳಿಗೆ ಕ್ರಿಯಾಪದವಿಲ್ಲ. ಬರೆದಾಗ ಮೈ ಝುಂ ಎಂದಿದ್ದು ಸುಳ್ಳಲ್ಲ. ಮೇಡಂ ಓದುತ್ತಾ ಹೋದರು, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಎಲ್ಲೆಂದರಲ್ಲಿ ಉಸಿರೆಳೆದುಕೊಂಡು. ಗಾಡಿ ಕಡದಕಟ್ಟೆ ದಾಟಿತು. ಯಾರೂ ಮಾತಾಡಲಿಲ್ಲ. ಕೊನೆಗೆ ಸುಭದ್ರಮ್ಮ ಬಹಳ ಮರ್ಯಾದೆಯಿಂದ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು, "ಅಲ್ಲಾ ಜಯಮ್ಮ, ಇದ್ರಾಗೆ ಶೇಷಮ್ಮ ಉಂಡ್ಲಾ ಇಲ್ವಾ?" ಅವಮಾನವೆಂದರೆ ನಗೆಯಲ್ಲ, ಅವರು ನಕ್ಕಿದ್ದರೆ ಆಗುತ್ತಿತ್ತು. ಅವರು ಮರ್ಯಾದೆ ಕೊಟ್ಟರು. ಪೂಜಿತಾ ಮಾತ್ರ ಚಪ್ಪಾಳೆಯಂತೆ ಎರಡು ಬೆರಳು ತಟ್ಟಿ, "ಸೂಪರ್ ಆಂಟಿ, ಆದ್ರೆ ಗೋಡೆ ಇನ್ನೂ ಸ್ವಲ್ಪ ಕಮ್ಮಿ ಮಾತಾಡ್ಬೇಕಿತ್ತು" ಎಂದಳು. ಆಗ ಜಯಶೀಲಾಳಿಗೆ ಹೊಳೆದದ್ದು ಬೇರೆ. ಪೂಜಿತಾಳದ್ದೂ ಚೀಟಿಯೇ. ಇಂಗ್ಲಿಷ್ ಕಾಗದದ ಮೇಲೆ ಬರೆದ ಚೀಟಿ, ಅಷ್ಟೆ. ಮಾರನೇ ದಿನ ಬಿದರೆ ಬಂದಾಗ ಅವಳ ಕೈ ಬ್ಯಾಗಿನ ಜಿಪ್ಪಿನ ಮೇಲೆ ಹೋಗುವ ಮೊದಲೇ ಯಾರೋ, "ಅಂತ್ಯಾಕ್ಷರಿ ಆಡಣ್ವಾ?" ಎಂದರು. ಆಡಿದರು. ಮಾರನೇ ದಿನವೂ ಆಡಿದರು. ಜಯಶೀಲಾಳೂ ಹಾಡಿದಳು, 'ಮ' ಬಂದಾಗ ಅವಳದ್ದೇ ಸರದಿ. ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಅವಳ ಗುಂಪು ಸೋತಿತು.

ಇವತ್ತೂ ಅಂತ್ಯಾಕ್ಷರಿಯೇ ಆದರೆ ನೋಟುಬುಕ್ಕನ್ನು ಅಕ್ಷರಾಳಿಗೆ ರಫ್ ಬುಕ್ಕಾಗಿ ಕೊಟ್ಟುಬಿಡುವುದು ಎಂದು ಅವಳು ನಿನ್ನೆ ಸಂಜೆ ರವೀಂದ್ರನಗರದ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ನಿಶ್ಚಯಿಸಿದ್ದಳು. ಎಪ್ಪತ್ತು ಪುಟ ಖಾಲಿ ಇದೆ, ಲೆಕ್ಕ ಬಿಡಿಸಿಕೊಳ್ಳಲಿ. ನಿಶ್ಚಯಿಸಿದ ಮೇಲೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದು ಹಲ್ಲು ಕೀಳಿಸಿಕೊಳ್ಳಲು ಒಪ್ಪಿಕೊಂಡ ಮೇಲೆ ಅದು ಇರುವ ಜಾಗವನ್ನು ನಾಲಿಗೆ ಹುಡುಕುತ್ತದಲ್ಲ, ಹಾಗೆ ರಾತ್ರಿಯೆಲ್ಲ ಅದನ್ನೇ ಸವರುತ್ತಿದ್ದಳು. ಇನ್ನು ಮೇಲೆ ಕೊಳವೆಯಲ್ಲಿ ರಕ್ತ ಇಳಿಯುವ ಆ ಗಂಟೆ ಬರಿಯ ಗಂಟೆಯಾಗುತ್ತದೆ. ಸ್ವೆಟರು ಹೆಣೆಯಬಹುದು.

"ಏನ್ ಜಯಶೀಲಾ, ಹತ್ತೋದಿಲ್ವಾ? ಗಾಡಿ ನಿಮ್ಮನೇದಾ, ನೀವು ಹೇಳ್ದಾಗ ಹೊರಡೋಕೆ?" ಮೇಡಂ ಕಿಟಕಿಯಿಂದ ಕೂಗಿದರು.

ಹತ್ತಿದಳು. ಅವಳ ಜಾಗದಲ್ಲಿ ಸುಭದ್ರಮ್ಮನ ಎಲೆಬುಟ್ಟಿ ಇತ್ತು, ಅವಳು ಬಂದದ್ದನ್ನು ನೋಡಿ ಸುಭದ್ರಮ್ಮ ಬುಟ್ಟಿಯನ್ನು ಕಾಲಿನಿಂದಲೇ ಆಚೆ ತಳ್ಳಿದಳು. ಪೂಜಿತಾ ಬಾಗಿಲ ಹತ್ತಿರ ಕೂತು ಏನೋ ಓದುತ್ತಿದ್ದಳು. ಮಾತು ಈರುಳ್ಳಿಯ ಮೇಲೆ, ಯಾರದೋ ಮಗಳ ಸೀಮಂತದ ಮೇಲೆ, ಮಧ್ಯಾಹ್ನದ ಟೀವಿ ಧಾರಾವಾಹಿಯಲ್ಲಿ ಸತ್ತವಳು ಮತ್ತೆ ಬಂದದ್ದರ ಮೇಲೆ ಹರಿಯಿತು. ಬಿದರೆ ಬಂತು, ಬಿದರೆ ಹೋಯಿತು. "ಯಾವ ಅಕ್ಷರದಿಂದ ಶುರು?" ಎಂದು ಯಾರೋ ಕೇಳಿದ್ದು ಕೇಳಿಸಿತು. ಆಗ ಜಯಶೀಲಾ, ತನ್ನ ದನಿ ತನಗೇ ಗುರುತು ಸಿಗದಷ್ಟು ಜೋರಾಗಿ, "ಇವತ್ತು ಲಿಂಗಪ್ಪ ಬರ್ತಾನೆ" ಎಂದಳು.

ಡಬ್ಬಿ ತಿರುಗಿತು. ಹೀಗೆ ಹೇಳಬಾರದಿತ್ತೇನೋ. ಮೀನಿನ ಎದುರು ಎರೆಹುಳ ಆಡಿಸಿದ ಹಾಗಾಯಿತೇನೋ. ಮುಖ ಕೆಂಪಾಗುತ್ತಿರುವುದು ಅವಳಿಗೇ ತಿಳಿಯುತ್ತಿತ್ತು. "ಬಂದ್ನಾ ಆ ಮುಂಡೇಮಗ!" ಎಂದು ಸುಭದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಅವನು ಮುಂದಿನ ಸ್ಟೇಷನ್ನಿನಲ್ಲಿ ಹತ್ತುತ್ತಾನೆ ಎನ್ನುವ ಹಾಗೆ. ಮೇಡಂ ಆಗಲೇ ಕನ್ನಡಕ ತೆಗೆದು ಸೆರಗಿಗೆ ಒರೆಸುತ್ತಿದ್ದರು. "ಗೋಡೆ ಗೀಡೆ ಏನೂ ಇಲ್ಲ ತಾನೆ?"

"ಇಲ್ಲ ಮೇಡಂ."

"ಹಂಗಾದ್ರೆ ಕೊಡಿ."

'ಲಿಂಗಪ್ಪ ಬಂದದ್ದು ಮಧ್ಯಾಹ್ನ ಒಂದೂಕಾಲಿಗೆ, ಹುಡುಗರು ಎರಡನೇ ಪಂಕ್ತಿಗೆ ಕೂತಿದ್ದಾಗ' ಎಂದು ಮೇಡಂ ಓದಿದರು. ಶೇಷಮ್ಮ ಅನ್ನದ ಬಕೆಟ್ಟು ಹಿಡಿದು ಸಾಲಿನಗುಂಟ ಬರುತ್ತಿದ್ದಾಳೆ. ಅವಳಿಗೆ ಮುಖಗಳು ಗೊತ್ತಿಲ್ಲ, ತಟ್ಟೆಗಳು ಗೊತ್ತು. ಅಂಚು ನೆಗ್ಗಿದ್ದು, ಹೆಸರು ಕೊರೆಸಿದ್ದು, ಎಡಗೈಯವನದ್ದು. ಸಾಲಿನ ಕೊನೆಯಲ್ಲಿ ಹಾಸ್ಟೆಲಿನದೇ ಒಂದು ಹಳೆ ತಟ್ಟೆ, ಅದರ ಹಿಂದೆ ದೊಡ್ಡವರ ಮೊಣಕಾಲು. ಡಬ್ಬಿಯಲ್ಲಿ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದ್ದು ಜಯಶೀಲಾಳಿಗೆ ಗೊತ್ತಾಯಿತು. ಅವಳು ಕಿಟಕಿಯ ಕಡೆಗೆ ತಿರುಗಿರಲಿಲ್ಲ. ತಿರುಗದೆ ಸುಭದ್ರಮ್ಮನ ಬಾಯನ್ನೇ ನೋಡುತ್ತಿದ್ದಳು. ಆ ಬಾಯಿ ಪೊರಕೆಗಾಗಿ ಸ್ವಲ್ಪ ತೆರೆದಿತ್ತು.

'"ಅನ್ನ?" ಎಂದಳು ಶೇಷಮ್ಮ.

"ನಾನು ಲಿಂಗಪ್ಪ" ಎಂದ ಅವನು.

"ಹೆಸರು ಕೇಳಲಿಲ್ಲ. ಅನ್ನ ಬೇಕಾ ಅಂತ ಕೇಳಿದೆ."'

ಸುಭದ್ರಮ್ಮನ ಬಾಯಿ ಮುಚ್ಚಿತು. ಯಾರೋ 'ಹಾ' ಎಂದರು, ನೋವಾದಾಗ ಅನ್ನುವ ಹಾಗೂ ಅಲ್ಲ, ನಕ್ಕ ಹಾಗೂ ಅಲ್ಲ. ಶೇಷಮ್ಮನ ಆ ಮಾತು ಜಯಶೀಲಾಳಿಗೆ ಹುಟ್ಟಿದ್ದು ಹೋದ ಗುರುವಾರ. ಅಂತ್ಯಾಕ್ಷರಿಯ ಐದನೇ ದಿನ. ಬಿಳಿ ಸಫಾರಿಯ ಒಬ್ಬ ದೊಡ್ಡ ಮನುಷ್ಯ ಲ್ಯಾಬಿಗೆ ಬಂದು ಕುರ್ಚಿ ತುಂಬಾ ಕೂತು ತೋಳು ಚಾಚಿದ್ದ. ಸಕ್ಕರೆ ಪರೀಕ್ಷೆ. ಇವಳು "ತಿಂಡಿ ಆಗಿದ್ಯಾ?" ಎಂದರೆ ಅವನು ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಭಾವಮೈದುನ ಯಾರೆಂದು ಹೇಳಿದ. "ಹೆಸರು ಆಮೇಲೆ ಬರ್ಕೋತೀನಿ. ತಿಂದಿದ್ದೀರಾ ಇಲ್ವಾ, ಅದನ್ನ ಹೇಳಿ" ಎಂದಳು ಇವಳು, ಸಿಟ್ಟಿಲ್ಲ, ಏನಿಲ್ಲ, ದಿನಕ್ಕೆ ನಲವತ್ತು ಸಲ ಕೇಳುವ ಮಾತು. ಅವನು ಶಾಲೆಯ ಹುಡುಗನ ಹಾಗೆ, "ಎರಡು ಇಡ್ಲಿ" ಎಂದ. ಸೂಜಿ ಚುಚ್ಚಿ ರಕ್ತ ಎಳೆಯುತ್ತಿದ್ದಾಗ ಅವಳಿಗೆ ಹೊಳೆಯಿತು. ಇದು ಶೇಷಮ್ಮ ಆಡುವ ಮಾತು! ಎಂಟು ತಿಂಗಳಿಂದ ಜೊತೆಗಿದ್ದೂ ಇವಳಿಗೆ ಶೇಷಮ್ಮನ ದನಿ ಕೇಳಿಸಿರಲಿಲ್ಲ, ಅದು ತನ್ನದೇ ಗಂಟಲಿನಲ್ಲಿ ಕೂತಿತ್ತು. ಆ ಮಧ್ಯಾಹ್ನ ಕೊನೆಯ ಪುಟ ತೆಗೆದು ಪೆನ್ಸಿಲಿನ ಸಾಲುಗಳನ್ನೆಲ್ಲ ಮತ್ತೆ ಓದಿದಳು. ಕಾಲು ಹಿಡಿಯಲಿ, ಪೊರಕೆ ತಗೊಳ್ಳಲಿ, ಇನ್ನೊಬ್ಬಳನ್ನು ತರಲಿ. ಜಗಳವೆಲ್ಲ ಬಂದ ಮೇಲಿನದು. ಬರಲಿ ಎಂಬುದರಲ್ಲಿ ಒಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಹೆಂಗಸರಲ್ಲಿ ಒಬ್ಬೊಬ್ಬರ ಮನೆಯಲ್ಲೂ ಬಾರದೇ ಇರುವವನು ಒಬ್ಬ ಇದ್ದಾನು, ಮನೆಯೊಳಗೇ ಕೂತು ಬಾರದೇ ಇರುವವನೂ ಇದ್ದಾನು, ಅದನ್ನು ಅಗ್ಗದ ಆಸೆ ಎಂದುಕೊಂಡಿದ್ದಳಲ್ಲ ತಾನು, ಪಾಪಿ. ಬರುವುದು ಅವರಿಗೆ ಸಲ್ಲಬೇಕಾದದ್ದು. ಬಂದ ಮೇಲಿನದು ನನ್ನದು. ಹಾಗಂದುಕೊಂಡು ಬರೆಯತೊಡಗಿದರೆ ಪೆನ್ನು ನಿಲ್ಲಲಿಲ್ಲ. ಕೊಳವೆಗಳನ್ನು ನೋಡುವ ಗಂಟೆ ಮೀರಿ ಎರಡು ರಿಪೋರ್ಟು ಮತ್ತೆ ಮಾಡಬೇಕಾಯಿತು.

ಮೇಡಂ ಓದುತ್ತಿದ್ದರು. ಶೇಷಮ್ಮ ಅನ್ನ ಹಾಕಿದಳು, ಸಾರು ಹಾಕಿದಳು, ಎಲ್ಲರಿಗೂ ಹಾಕಿದಷ್ಟೇ. ಅವನು ತಲೆ ಬಗ್ಗಿಸಿ ಉಂಡ. ಇಲ್ಲಿ ಮೇಡಂ ನಿಲ್ಲಿಸಿದರು. ಅವರ ತುಟಿ ಅಲ್ಲಾಡಿತು. ಸೆರಗು, ಕಣ್ಣು, ಆಕಾಶ, ಎಲ್ಲವೂ ಆ ತುಟಿಯ ತುದಿಯಲ್ಲಿ ಬಂದು ನಿಂತಿರುವುದು ಜಯಶೀಲಾಳಿಗೆ ಕಂಡಿತು. ಕನ್ನಡಕದ ಮೇಲಿಂದ ಅವರು ಒಂದು ಸಲ ಇವಳನ್ನು ನೋಡಿದರು. ಉಗುಳು ನುಂಗಿ, ಬರೆದದ್ದನ್ನಷ್ಟೇ ಓದಿದರು: 'ಮಜ್ಜಿಗೆ ಹಾಕುವಾಗ ಅವಳು ಹೇಳಿದಳು, "ತಟ್ಟೆ ತೊಳೆದಿಟ್ಟು ಹೋಗಿ. ಇಲ್ಲಿ ಅವರವರ ತಟ್ಟೆ ಅವರವರೇ ತೊಳೀತಾರೆ."'

ಅಷ್ಟರಲ್ಲಿ ಜಯಶೀಲಾಳ ಮೂಗಿಗೆ ಭದ್ರಾವತಿಯ ಕಾಗದದ ಕಾರ್ಖಾನೆಯ ವಾಸನೆ ಬಡಿಯಿತು. ಆ ವಾಸನೆ ಬಂದರೆ ಎಲ್ಲರೂ ಎದ್ದು ಬ್ಯಾಗು ಹೆಗಲಿಗೇರಿಸಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ನಡೆಯುವುದು ವರ್ಷಗಳಿಂದ ನಡೆದುಬಂದದ್ದು. ಯಾರೂ ಕಿಟಕಿ ನೋಡುವುದಿಲ್ಲ, ಮೂಗಿಗೇ ಗೊತ್ತು. ಯಾರೂ ಏಳಲಿಲ್ಲ. ಗಾಡಿ ನಿಧಾನವಾಯಿತು, ಹಳದಿ ಫಲಕ ಬಂತು, ಭದ್ರಾವತಿ ಎಂಬ ದಪ್ಪ ಕಪ್ಪಕ್ಷರ ಅವಳ ಕಣ್ಣೆದುರಿಗೇ ಬಂದು ನಿಂತಿತು. ಹೇಳಬೇಕು. ಲ್ಯಾಬಿನ ಮುಂದಿನ ಬೆಂಚಿನಲ್ಲಿ ಕಾಫಿ ಕೂಡ ಕುಡಿಯದೆ ಬಂದ ಮುದುಕರು ಆಗಲೇ ಕೂತಿರುತ್ತಾರೆ. ಮೇಡಂ ಅವರ ಶಾಲೆಯ ಪ್ರಾರ್ಥನೆ, ಸುಭದ್ರಮ್ಮನ ಎಲೆ, ಪೂಜಿತಾಳ ಬಸ್ಸು. ಎರಡೇ ನಿಮಿಷ ನಿಲ್ಲುವ ಗಾಡಿ. ಇನ್ನೂ ಒಂದು ಪುಟ ಬಾಕಿ. ಅವಳ ನಾಲಿಗೆ ಮೇಲೇಳಲು ಹೊರಟಿತು, ಅವಳು ಅದನ್ನು ಹಲ್ಲುಗಳ ನಡುವೆ ಹಿಡಿದಳು. ಜೀವಮಾನದಲ್ಲಿ ಅವಳು ಬೇಕೆಂದೇ ಮಾಡಿದ ತಪ್ಪುಗಳು ಕಡಿಮೆ. ಆದವು ತಾವಾಗಿ ಆದವು. ಇದೊಂದನ್ನು ಕಣ್ಣು ತೆರೆದುಕೊಂಡು, ಫಲಕ ನೋಡುತ್ತಾ, ಮಾಡಿದಳು. ತಲೆಯ ಮೇಲೆ ಗಂಟು ಹೊತ್ತ ಒಬ್ಬ ತಮಿಳು ಹೆಂಗಸು ಹತ್ತಿ, ಇಷ್ಟೂ ಜನ ಕೂತೇ ಇರುವುದನ್ನು ನೋಡಿ, "ಏನಮ್ಮಾ, ಇರಂಗಲಿಯಾ? ಭದ್ರಾವತಿ ವಂದಾಚ್ಚು!" ಎಂದು ಇಳಿಯುವ ಬಾಗಿಲ ಕಡೆ ಕೈ ತೋರಿಸಿದಳು. ಸುಭದ್ರಮ್ಮ ತಲೆಯೆತ್ತದೆ ಕೈ ಬೀಸಿ, "ಸುಮ್ಕಿರಮ್ಮೋ, ತಟ್ಟೆ ತೊಳೀತಾವ್ನೆ" ಎಂದಳು. ಗಾರ್ಡು ಶಿಳ್ಳೆ ಊದಿದ. ಗಾಡಿ ಹೊರಟಿತು.

'ಅವನು ತನ್ನ ತಟ್ಟೆ ತೊಳೆದ. ನಲ್ಲಿ ಬಳಿ ಹುಡುಗರು ಹಾಗೆಯೇ ಬಿಟ್ಟು ಹೋದ ಇನ್ನೊಂದು ತಟ್ಟೆ ಇತ್ತು. ಅದನ್ನೂ ತೊಳೆದ. ಶೇಷಮ್ಮ ಅಡುಗೆಮನೆಗೆ ಬಂದು ಅಕ್ಕಿಯ ಖಾಲಿ ಚೀಲ ಹಾಸಿದಳು. ಹತ್ತೊಂಬತ್ತು ವರ್ಷ ಅವಳು ಮಧ್ಯಾಹ್ನ ಮಲಗಿದವಳಲ್ಲ. ಮಲಗಿದಾಗ ಯಾರಾದರೂ ಬಂದು, ಬಾಗಿಲು ತಟ್ಟಿ, ಹಿಂದಿರುಗಿ ಹೋಗಿಬಿಟ್ಟರೆ ಎಂದು. ಇನ್ನು ಯಾರೂ ಬರುವುದಿಲ್ಲ. ಬರಬೇಕಾದವನು ಬಂದು ಉಂಡಾಯಿತು. ಕೈ ತಲೆಗಿಟ್ಟುಕೊಂಡು ಒರಗಿದಳು. ಹೊರಗೆ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಸದ್ದು. ಒಂದು. ಎರಡು. ಮೂರು. ನಾಲ್ಕನೆಯದು ಕೇಳಿಸಿತು. ಐದನೆಯದು ಕೇಳಿಸಲಿಲ್ಲ.'

ಮೇಡಂ ಹಾಳೆ ತಿರುವಿದರು, ಆಚೆ ಖಾಲಿ. ಮತ್ತೆ ಈಚೆ ತಿರುವಿದರು. ಗಾಡಿಯ ಸದ್ದು ಬಿಟ್ಟರೆ ಏನಿಲ್ಲ. ಹೋದ ಸಲದ ಮರ್ಯಾದೆಯ ಮೌನವಲ್ಲ ಅದು, ಹೊಟ್ಟೆ ತುಂಬಿದ ಮೇಲಿನದು. ಅಂಥದ್ದರೊಳಗೆ ಜಯಶೀಲಾ ಎಂದೂ ಕೂತಿರಲಿಲ್ಲ. ಪೂಜಿತಾ ಪುಸ್ತಕ ಮುಚ್ಚಿ, ಏನೋ ದೊಡ್ಡದು ಹೇಳುತ್ತಾಳೆ ಎಂದುಕೊಂಡರೆ, "ಆಂಟಿ, ಅವ್ನು ಒಟ್ಟು ಎಷ್ಟು ತಟ್ಟೆ ತೊಳೆದ?" ಎಂದಳು. ಹೇಳಿದವಳೇ ಕಿಟಕಿಯಾಚೆ ನೋಡಿ, "ಅಯ್ಯೋ! ಇದೆಲ್ಲಿದೀವಿ?" ಎಂದು ಚೀರಿದಳು.

ಆಮೇಲಿನದ್ದು ಹೇಳಿ ಪ್ರಯೋಜನವಿಲ್ಲ. ಹದಿನಾರು ಹೆಂಗಸರು ಒಟ್ಟಿಗೆ ಎದ್ದು, ಒಟ್ಟಿಗೆ ಬಾಗಿಲಿಗೆ ನುಗ್ಗಿ, ಒಟ್ಟಿಗೆ ಬೈಯಲು ಶುರುಮಾಡಿದರು. ಮಸರಹಳ್ಳಿಯಲ್ಲಿ ಗಾಡಿ ನಿಂತಾಗ ಇಳಿದರು. ಒಂದು ಬೇವಿನ ಮರ, ಎರಡು ಕಲ್ಲುಬೆಂಚು, ಇಷ್ಟು ಸೀರೆಗಳನ್ನು ಒಟ್ಟಿಗೆ ನೋಡಿ ಕಂಗಾಲಾದ ಒಬ್ಬ ರೈಲ್ವೆ ಪಾಯಿಂಟ್ಸ್‌ಮನ್. ವಾಪಸು ಗಾಡಿ ಸದ್ಯಕ್ಕಿಲ್ಲ, ಮುಕ್ಕಾಲು ಮೈಲಿ ನಡೆದರೆ ರಸ್ತೆ, ಬಸ್ಸು ಕೈಯೆತ್ತಿದರೆ ನಿಲ್ಲಿಸಬಹುದು ಎಂದು ಅವನು ಹೇಳಿದ. "ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಲೇಟಾಗಿಲ್ಲ ನಾನು, ಒಂದು ದಿನ!" ಎಂದು ಮೇಡಂ ಬೆಂಚಿನ ಮೇಲೆ ಕುಸಿದರು, ನೋಟುಬುಕ್ಕು ಇನ್ನೂ ಅವರ ಕೈಯಲ್ಲೇ ಇತ್ತು, ಬೆರಳು ಪುಟದ ನಡುವೆ. "ಹೆಡ್ಮಾಸ್ಟರಿಗೆ ಏನಂತ ಹೇಳ್ಲಿ? ಲಿಂಗಪ್ಪ ಬಂದಿದ್ದ ಅಂತಲಾ? ನೀವಾದ್ರೂ ನೋಡಬಾರ್ದಿತ್ತಾ ಜಯಶೀಲಾ, ನೀವೇ ಬರ್ದಿದ್ದಲ್ವಾ, ನಿಮ್ಗೇನು ಕೇಳೋದಿತ್ತು?"

"ನೋಡ್ದೆ ಮೇಡಂ" ಎಂದಳು ಜಯಶೀಲಾ.

"ನೋಡಿದ್ರಾ?"

"ಬೋರ್ಡು ನೋಡ್ದೆ. ಒಂದು ಪುಟ ಬಾಕಿ ಇತ್ತು."

ಎಲ್ಲರೂ ಅವಳನ್ನೇ ನೋಡಿದರು. ಈಗ ಬೈಗುಳ ಬರುತ್ತದೆ, ಬರಲಿ ಎಂದು ಅವಳು ನೆಟ್ಟಗೆ ನಿಂತಳು. ಬೆಂಚಿನ ಮೇಲಿನ ಮುದುಕರ ಮುಖ ಕಣ್ಣಮುಂದೆ ಬಂತು, ಡಾಕ್ಟರೇ ಇವತ್ತು ಸಿರಿಂಜು ಹಿಡಿಯಬೇಕಾದೀತು, ಹೋಗಿ ಕ್ಷಮೆ ಕೇಳುತ್ತೇನೆ, ಎಲ್ಲರನ್ನೂ ಕೇಳುತ್ತೇನೆ. ಆದರೆ ಎದೆಯೊಳಗೆ ಪಶ್ಚಾತ್ತಾಪ ಇರಬೇಕಾದ ಜಾಗದಲ್ಲಿ ಏನೋ ತಕತಕ ಕುಣಿಯುತ್ತಿತ್ತು, ಅದನ್ನು ಏನು ಮಾಡಿದರೂ ಸುಮ್ಮನಾಗಿಸಲು ಆಗಲಿಲ್ಲ. ಮೇಡಂ ಕನ್ನಡಕ ತೆಗೆದರು. ಅವರ ಹೊಟ್ಟೆ ಕುಲುಕಿತು. ಅದು ನಗು ಎಂದು ತಿಳಿಯಲು ಎಲ್ಲರಿಗೂ ಒಂದು ಕ್ಷಣ ಬೇಕಾಯಿತು. ಆಮೇಲೆ ಆ ಬೇವಿನ ಮರದಿಂದ ಕಾಗೆಗಳೆಲ್ಲ ಎದ್ದು ಹೋಗುವಷ್ಟು ನಕ್ಕರು. ಪೂಜಿತಾ ನಗುತ್ತಾ ನೆಲಕ್ಕೇ ಕೂತಳು. ಸುಭದ್ರಮ್ಮ ಮಾತ್ರ ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಾ, "ನಗ್ರೀ, ನಗ್ರೀ, ನನ್ನೆಲೆ ಬಾಡಿದ್ರೆ ಲಿಂಗಪ್ಪ ಬಂದು ಕೊಂಡ್ಕೊತಾನಾ?" ಎಂದು ಗೊಣಗಿ, ನೀರು ಚಿಮುಕಿಸುವುದನ್ನು ನಿಲ್ಲಿಸಿದಳು.

"ಜಯಮ್ಮ, ಅವ್ಳು ಎದ್ಲಾ ಆಮೇಲೆ?"

"ಇಲ್ಲ" ಎಂದಳು ಜಯಶೀಲಾ. "ಇನ್ನೂ ಮಲಗಿದಾಳೆ."

ಸುಭದ್ರಮ್ಮ ತಲೆಯಾಡಿಸಿದಳು. ಆಚೆ ಬೆಂಚಿನಲ್ಲಿ ಪೂಜಿತಾ ಮತ್ತು ಇನ್ನಿಬ್ಬರು, ನಗು ತಡೆಯಲಾರದೆ, ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡುತ್ತಿದ್ದರು. ಸುಭದ್ರಮ್ಮ ಅತ್ತ ತಿರುಗಿ, ಬೆರಳನ್ನು ತುಟಿಗಿಟ್ಟುಕೊಂಡಳು.

"ಶ್... ಮೆತ್ತಗೆ, ಮಾರಾಯ್ತಿ. ಮಲಗವ್ಳೆ."

ಅವರು ದನಿ ತಗ್ಗಿಸಿದರು.